ಹಗ್ಗ ಎಳೆಯುವ ಮೊದಲು: ಹಳೆಯ ಚೈನ್‌ಸಾಗಳ ದುರಸ್ತಿ ಮತ್ತು ಬಳಕೆ

ತೋಟದ ಮನೆಯ ಅಟ್ಟದಲ್ಲೋ ಪಂಪ್‌ಸೆಟ್ ಶೆಡ್ಡಿನ ಮೂಲೆಯಲ್ಲೋ ಗೋಣಿಚೀಲ ಹೊದ್ದು ಕೂತ ಹಳೆಯ ಮರ ಕೊಯ್ಯುವ ಮಿಷನ್ನು ಮಲೆನಾಡಿನಲ್ಲಿ, ಕೊಡಗಿನಲ್ಲಿ ಅಪರೂಪವೇನಲ್ಲ. ಮನೆಯವರನ್ನು ಕೇಳಿದರೆ ‘ಅದು ಸೀಜ್ ಆಗಿದೆ’, ‘ಬೋರ್ ಹೋಗಿದೆ’ ಎನ್ನುತ್ತಾರೆ. ಒಂದು ದಿನ ಯಾರಿಗೋ ಉತ್ಸಾಹ ಬರುತ್ತದೆ. ಮಿಷನ್ನು ಕೆಳಗಿಳಿಸಿ, ಧೂಳು ಒರೆಸಿ, ಹೊಸ ಪೆಟ್ರೋಲ್ ಸುರಿದು ಹಗ್ಗ ಎಳೆಯುತ್ತಾರೆ. ಇಪ್ಪತ್ತು ಎಳೆತಕ್ಕೆ ಕೆಮ್ಮಿ, ಮೂವತ್ತಕ್ಕೆ ಸ್ಟಾರ್ಟ್ ಆಗಿಯೂ ಬಿಡುತ್ತದೆ. ಎಲ್ಲರಿಗೂ ಖುಷಿ. ಎರಡು ದಿಮ್ಮಿ ಕೊಯ್ಯುವಷ್ಟರಲ್ಲಿ ಎಂಜಿನ್ ಚೀರಿಕೊಂಡು ನಿಲ್ಲುತ್ತದೆ. ಅಟ್ಟದಲ್ಲಿದ್ದಾಗ ಆ ಪಿಸ್ಟನ್ ಚೆನ್ನಾಗಿಯೇ ಇತ್ತು. ಅದನ್ನು ಕೊಂದದ್ದು ಆ ಅರ್ಧ ಗಂಟೆಯ ಓಟ.

ಇವತ್ತು ನಾನು ಒತ್ತಿ ಹೇಳಬೇಕಾದದ್ದು ಇದನ್ನೇ. ಸ್ಟಾರ್ಟ್ ಆಗುವುದು ಬೇರೆ, ಸರಿಯಾಗುವುದು ಬೇರೆ. ವರ್ಷಗಟ್ಟಲೆ ಸುಮ್ಮನಿದ್ದ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಮೊದಲು ಸಾಯುವುದು ಕಬ್ಬಿಣವಲ್ಲ, ರಬ್ಬರು. ಪಿಸ್ಟನ್ನಿನ ಓಟವನ್ನು ತಿರುಗಾಟವಾಗಿಸುವ ಕ್ರ್ಯಾಂಕಿನ ಸೀಲು ಗಟ್ಟಿಯಾಗಿರುತ್ತದೆ, ಕಾರ್ಬೊರೇಟರಿನ ಡಯಾಫ್ರಂ ಎಂಬ ತೆಳು ಪೊರೆ ಒಣಗಿ ಹಪ್ಪಳವಾಗಿರುತ್ತದೆ, ಪೆಟ್ರೋಲ್ ಪೈಪು ಬಿರುಕು ಬಿಟ್ಟಿರುತ್ತದೆ. ಈ ಮೂರರಲ್ಲಿ ಯಾವುದು ಕೆಟ್ಟರೂ ಒಳಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಈ ಎಂಜಿನ್ನಿಗೆ ಆಯಿಲ್ ಸಿಗುವುದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಶಾಖ ಮಾತ್ರ ಹೆಚ್ಚು. ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗಿ, ತಾನು ಓಡಾಡುವ ಸಿಲಿಂಡರಿನ ಒಳಮೈಗೆ, ಅಂದರೆ ಬೋರಿಗೆ ಉಜ್ಜುತ್ತದೆ.

ಎರಡು ಬಗೆಯ ಮಿಷನ್ನುಗಳನ್ನು ಮುಂದಿಟ್ಟುಕೊಂಡು ಮಾತಾಡುತ್ತೇನೆ. ಒಂದು ಸ್ಟಿಲ್ 070. ಜರ್ಮನಿಯ ಸ್ಟಿಲ್ ಕಂಪನಿ 1959ರಲ್ಲಿ ಹೊರತಂದ ‘ಕಾಂಟ್ರಾ’ ಎಂಬ ಮಿಷನ್ನಿನ ವಂಶದ್ದು ಇದು. 58 ಮಿ.ಮೀ. ಬೋರು, 40 ಮಿ.ಮೀ. ಸ್ಟ್ರೋಕು (ಪಿಸ್ಟನ್ ಒಂದು ಸಲ ಸಾಗುವ ದೂರ), ಒಟ್ಟು ಸುಮಾರು 106 ಸಿಸಿ. ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಮತ್ತು ಚೈನ್ ಇಲ್ಲದೆಯೇ 10 ಕಿಲೋ ದಾಟುವ ಗಟ್ಟಿ ಜೀವ. ಇನ್ನೊಂದು ಸ್ವೀಡನ್ನಿನ ಹಸ್ಕ್‌ವರ್ನಾದ 61, 268, 272 ಎಂಬ ಅಣ್ಣತಮ್ಮಂದಿರು. ಮೂರಕ್ಕೂ ಸ್ಟ್ರೋಕು 34 ಮಿ.ಮೀ.; ಬೋರು ಮಾತ್ರ 48, 50, 52 ಎಂದು ಏರುತ್ತದೆ. ಹಾಗಾಗಿ ಸಿಸಿ 61.5, 66.7, 72.2. ಮೂರೂ ಹೆಚ್ಚುಕಡಿಮೆ ಒಂದೇ ಕ್ರ್ಯಾಂಕ್‌ಕೇಸಿನ, ಅಂದರೆ ಪಿಸ್ಟನ್ನಿನ ಕೆಳಗಿನ ಕೋಣೆಯ, ಮೇಲೆ ಕಟ್ಟಿದವು. 61ರ ಬೋರು ಹೋಗಿದ್ದರೆ 268ರದೋ 272ರದೋ ಸಿಲಿಂಡರ್ ಮತ್ತು ಪಿಸ್ಟನ್ ಜೋಡಿ ಕೂರಿಸುವವರು ಇದ್ದಾರೆ. ಕೂರುತ್ತದೆ, ಓಡುತ್ತದೆ. ಕಾರ್ಬೊರೇಟರನ್ನು ಹೊಸದಾಗಿ ಹೊಂದಿಸದೆ ಓಡಿಸಿದರೆ ಮಾತ್ರ ಹಾಕಿದ ದುಡ್ಡು ಒಂದೇ ವಾರಕ್ಕೆ ಹೋಗುತ್ತದೆ.

ಮೊದಲು ಕಣ್ಣು, ಆಮೇಲೆ ಸ್ಪ್ಯಾನರ್

ಪ್ಲಗ್ ಬಿಚ್ಚಿ. ಸೈಲೆನ್ಸರ್ ಬಿಚ್ಚಿ. ಅದರೊಳಗೆ ಮಣ್ಣುಕಣಜ ಗೂಡು ಕಟ್ಟಿರಬಹುದು. ಆ ಮಣ್ಣಿನ ಚೂರು ಒಳಗೆ ಬಿದ್ದರೆ ಒಂದೇ ಎಳೆತಕ್ಕೆ ಬೋರಿನಲ್ಲಿ ಗೆರೆ ಬೀಳುತ್ತದೆ. ಹಗ್ಗ ಎಳೆಯಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ. ಸ್ಟಾರ್ಟರ್ ಕವರ್ ತೆಗೆದು ಮ್ಯಾಗ್ನೆಟ್ ಚಕ್ರವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ತಿರುಗದಿದ್ದರೆ ಪ್ಲಗ್ ತೂತಿನಿಂದ ಡೀಸೆಲ್ ಮತ್ತು 2ಟಿ ಆಯಿಲನ್ನು ಅರ್ಧರ್ಧ ಬೆರೆಸಿ ಎರಡು ಚಮಚ ಹಾಕಿ, ಎರಡು ದಿನ ಬಿಡಿ. ಚಕ್ರದ ರೆಕ್ಕೆಗಳಿಗೆ ಸುತ್ತಿಗೆ ತಾಗಿಸಲೇಬೇಡಿ. ಒಂದು ರೆಕ್ಕೆ ಮುರಿದರೆ ಚಕ್ರದ ತೂಕ ಒಂದು ಬದಿಗೆ ವಾಲುತ್ತದೆ, ಆ ನಡುಕ ಬೇರಿಂಗನ್ನು ತಿನ್ನುತ್ತದೆ.

ತಿರುಗುವಾಗ ಬೆರಳಿಗೆ ಏನು ಗೊತ್ತಾಗುತ್ತದೆ ನೋಡಿ. ರಾಗಿಕಾಳಿನ ಮೇಲೆ ಉರುಳಿದಂತೆ ಗರಗರ ಎಂದರೆ ಬೇರಿಂಗಿನ ಗುಂಡುಗಳಿಗೆ ತುಕ್ಕು ಹಿಡಿದಿದೆ. ಮಲೆನಾಡಿನ ನಾಲ್ಕು ತಿಂಗಳ ತೇವದಲ್ಲಿ ಇಟ್ಟ ಮಿಷನ್ನಿಗೆ ಇದು ಸಾಮಾನ್ಯ ಕಾಯಿಲೆ. ಆಯಿಲ್ ಬಿಟ್ಟರೆ ಸದ್ದು ಅಡಗಬಹುದು, ತುಕ್ಕು ತಿಂದ ಗುಳಿ ಹಾಗೇ ಇರುತ್ತದೆ. ಅಂಥದ್ದಕ್ಕೆ ಕ್ರ್ಯಾಂಕ್‌ಕೇಸ್ ಬಿಚ್ಚಿ ಬೇರಿಂಗ್ ಬದಲಿಸುವುದೊಂದೇ ದಾರಿ. ಹಳೆಯ ಬೇರಿಂಗಿನ ಮೇಲೆ ‘ಸಿ3’ ಎಂಬ ಗುರುತಿದ್ದರೆ ಹೊಸದರಲ್ಲೂ ಅದೇ ಇರಬೇಕು. ಬಿಸಿಗೆ ಹಿಗ್ಗಲು ಗುಂಡುಗಳಿಗೂ ಬೇರಿಂಗಿನ ಬಳೆಗಳಿಗೂ ನಡುವೆ ಬಿಟ್ಟ ಹೆಚ್ಚಿನ ಸಡಿಲದ ಗುರುತು ಅದು.

ಈಗ ಟಾರ್ಚ್ ಹಿಡಿದು ಸೈಲೆನ್ಸರ್ ತೂತಿನಿಂದ ಪಿಸ್ಟನ್ನಿನ ಮೈ ನೋಡಿ. ಕಾರ್ಬೊರೇಟರ್ ಬಿಚ್ಚಿ ಆ ಕಡೆಯಿಂದಲೂ ನೋಡಿ. ಪಿಸ್ಟನ್ ತನಗೆ ಆದದ್ದನ್ನೆಲ್ಲ ತನ್ನ ಮೈಮೇಲೆ ಬರೆದುಕೊಂಡಿರುತ್ತದೆ. ಸೈಲೆನ್ಸರ್ ಬದಿಯಲ್ಲಿ ಮಾತ್ರ ಉದ್ದುದ್ದ ಒರಟು ಗೀರುಗಳಿದ್ದರೆ ಬಿಸಿಯಿಂದ ಉಜ್ಜಿದೆ: ಗಾಳಿ ಸೋರಿಕೆ, ತೆಳು (ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಇರುವ) ಮಿಶ್ರಣ ಅಥವಾ ಆಯಿಲ್ ಹಾಕದ ಪೆಟ್ರೋಲ್. ಸುತ್ತಲೂ ಒಂದೇ ಸಮ ಗೀರಿದ್ದರೆ ಆಯಿಲ್ಲೇ ಇರಲಿಲ್ಲ ಎಂಬ ಸಂಶಯ ಬಲವಾಗುತ್ತದೆ. ಕಾರ್ಬೊರೇಟರ್ ಬದಿಯಲ್ಲಿ ಮಂಕಾಗಿ, ಸಣ್ಣ ಗೆರೆಗಳಾಗಿ ಸವೆದಿದ್ದರೆ ಹೊಟ್ಟು ನುಗ್ಗಿದೆ, ಏರ್ ಫಿಲ್ಟರ್ ಹರಿದಿದೆ ಅಥವಾ ಸರಿಯಾಗಿ ಕೂತಿಲ್ಲ. ಈ ಓದು ಮುಗಿಯದೆ ಹೊಸ ಪಿಸ್ಟನ್ ತರಬೇಡಿ. ಹಳೆಯದು ಯಾಕೆ ಸತ್ತಿತು ಎಂದು ಗೊತ್ತಿಲ್ಲದೆ ಹೊಸದನ್ನು ಹಾಕಿದರೆ ಅದೂ ಅಲ್ಲಿಗೇ ಹೋಗುತ್ತದೆ. ರಿಪೇರಿಯಾಗಿ ಬಂದ ಮಿಷನ್ನು ಮೂರೇ ದಿನಕ್ಕೆ ಮತ್ತೆ ಕೂತರೆ ಕಾರಣ ಸಾಮಾನ್ಯವಾಗಿ ಇದೇ.

ಪಿಸ್ಟನ್ ಶುಚಿಯಾಗಿ ಕಂಡರೆ ಬೋರಿಗೆ ನಾಲ್ಕು ಹನಿ ಆಯಿಲ್ ಬಿಟ್ಟು ಕಂಪ್ರೆಷನ್ ಗೇಜ್ ಹಾಕಿ. ಥ್ರಾಟಲ್ ಪೂರ್ತಿ ತೆರೆದಿರಲಿ, ಸ್ವಿಚ್ ಆಫ್ ಇರಲಿ. ಮುಳ್ಳು ಏರುವುದು ನಿಲ್ಲುವವರೆಗೆ ಐದಾರು ಸಲ ಎಳೆಯಿರಿ. ಹಗ್ಗಕ್ಕೆ ಮೊದಲ ಅವಕಾಶ ಇಲ್ಲಿ. 150 ಪಿಎಸ್‌ಐ ಬಂದರೆ ಆರೋಗ್ಯ, 120ಕ್ಕಿಂತ ಕೆಳಗಿದ್ದರೆ ಪಿಸ್ಟನ್ನಿನ ಸುತ್ತ ಕೂತ ರಿಂಗಿನ ಕಡೆ ನೋಡಬೇಕು. ಆಯಿಲ್ ಹನಿ ಅಂಕಿಯನ್ನು ಸ್ವಲ್ಪ ಏರಿಸಿ ತೋರಿಸುತ್ತದೆ ಎಂಬುದು ನೆನಪಿರಲಿ. ಗೇಜ್ ಇಲ್ಲದವರು ಪ್ಲಗ್ ಬಿಗಿದು, ಸ್ಟಾರ್ಟರ್ ಹಿಡಿಯಿಂದ ಮಿಷನ್ನನ್ನು ತೂಗುಹಾಕಿ ನೋಡುವುದುಂಟು. ಮೆಟ್ಟಿಲಿಳಿದ ಹಾಗೆ ತಡೆತಡೆದು ಇಳಿದರೆ ಪರವಾಗಿಲ್ಲ. ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಇಳಿದರೆ ಕಂಪ್ರೆಷನ್ ಇಲ್ಲ. ಹಗ್ಗ ಹೊಸದಿದ್ದರೆ ಮಾತ್ರ ಇದನ್ನು ಮಾಡಿ.

ಗಾಳಿ ಎಲ್ಲಿಂದ ಬರುತ್ತಿದೆ?

ಹಳೆಯ ಚೈನ್‌ಸಾ ದುರಸ್ತಿಯ ಹೃದಯ ಈ ಪರೀಕ್ಷೆ. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸೇ ಪಂಪು. ಪಿಸ್ಟನ್ ಮೇಲೆ ಹೋದಾಗ ಅಲ್ಲಿ ಎಳೆತ, ಕೆಳಗೆ ಬಂದಾಗ ಒತ್ತಡ. ಈ ಕೋಣೆ ಬಿಗಿಯಾಗಿರಬೇಕು. ಇದು ಸೋರಿದರೆ ಕಾರ್ಬೊರೇಟರಿನ ಸ್ಕ್ರೂ ಎಷ್ಟು ತಿರುಗಿಸಿದರೂ ವ್ಯರ್ಥ.

ಸೈಲೆನ್ಸರ್ ಜಾಗದಲ್ಲಿ ಹಳೆಯ ಟ್ಯೂಬಿನ ರಬ್ಬರ್ ತುಂಡಿಟ್ಟು ಅದರ ಮೇಲೆ ಸೈಲೆನ್ಸರನ್ನೇ ಬಿಗಿಯಿರಿ. ಕಾರ್ಬೊರೇಟರ್ ಕೂರುವಲ್ಲಿ ಇನ್ನೊಂದು ರಬ್ಬರ್, ಅದರ ಮೇಲೆ ಒಂದು ದಪ್ಪ ತಗಡು. ಪ್ಲಗ್ ತೂತಿಗೆ ನಿಪ್ಪಲ್ ಬೇಕು. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಪೈಪ್ ತುಂಡು ಬೆಸುಗೆ ಹಾಕಿಸಿಕೊಂಡರೆ ಜೀವಮಾನವಿಡೀ ಬಾಳುತ್ತದೆ. ಪಿಸ್ಟನ್ ಕೆಳಗಿರಲಿ, ಆಗ ಮೇಲಿನ ಗಾಳಿ ಕ್ರ್ಯಾಂಕ್‌ಕೇಸಿಗೂ ಇಳಿಯುತ್ತದೆ. ಗಾಳಿ ತುಂಬಲು ದುಬಾರಿ ಸಲಕರಣೆ ಬೇಡ. ಹಳೆಯ ಬಿ.ಪಿ. ನೋಡುವ ಯಂತ್ರದ ಬಲ್ಬೂ ಗಡಿಯಾರವೂ ಸಾಕು. ಅದರ 300 ಎಂಬ ಅಂಕಿ ಸುಮಾರು 0.4 ಬಾರ್ ಒತ್ತಡಕ್ಕೆ ಸಮ. ನಮಗೆ ಬೇಕಾದದ್ದು 0.4ರಿಂದ 0.5 ಬಾರ್. ಅಲ್ಲಿಗೆ ಏರಿಸಿ ಅರ್ಧ ನಿಮಿಷ ಕಾಯಿರಿ. ಮುಳ್ಳು ಕದಲದೆ ನಿಂತರೆ ಒಳ್ಳೆಯದು. ಇಳಿಯುತ್ತಿದ್ದರೆ ಸೋಪಿನ ನೀರನ್ನು ಬ್ರಷ್ಷಿನಲ್ಲಿ ಹಚ್ಚಿ. ಕ್ರ್ಯಾಂಕಿನ ಎರಡೂ ಬದಿಯ ಸೀಲು, ಸಿಲಿಂಡರಿನ ಬುಡದ ಗ್ಯಾಸ್ಕೆಟ್, ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್, ಕ್ರ್ಯಾಂಕ್‌ಕೇಸಿನ ನಡುಗೀಟು, ಇವುಗಳಲ್ಲಿ ಒಂದು ಕಡೆ ಗುಳ್ಳೆ ಏಳುತ್ತದೆ.

ಒತ್ತಡ ನಿಂತ ಮಾತ್ರಕ್ಕೆ ಮುಗಿಯಲಿಲ್ಲ, ಎಳೆತವನ್ನೂ ನೋಡಬೇಕು. ಸೀಲಿನ ತುಟಿ ಒಳಮುಖವಾಗಿರುತ್ತದೆ. ಒಳಗಿನಿಂದ ಒತ್ತಿದಾಗ ಅದು ಕ್ರ್ಯಾಂಕಿಗೆ ಇನ್ನಷ್ಟು ಅಂಟಿಕೊಂಡು ‘ನಾನು ಚೆನ್ನಾಗಿದ್ದೇನೆ’ ಎನ್ನುತ್ತದೆ. ಗಾಳಿ ಹೀರಿದಾಗ ತುಟಿ ಏಳುತ್ತದೆ, ನಿಜ ಹೊರಬೀಳುತ್ತದೆ. ಕಾರಿನ ಬ್ರೇಕ್ ಆಯಿಲ್ ತೆಗೆಯುವ ಕೈಪಂಪ್ ಇದಕ್ಕೆ ಆಗುತ್ತದೆ. 0.5 ಬಾರ್ ಎಳೆದು ಬಿಟ್ಟಾಗ ಸ್ವಲ್ಪ ಇಳಿದು ನಿಂತರೆ ಸಾಕು. ಒಂದೇ ಸಮ ಸೊನ್ನೆಗೆ ಜಾರಿದರೆ ಸೀಲು ಬದಲಿಸಿ. ಮ್ಯಾಗ್ನೆಟ್ ಬದಿ, ಕ್ಲಚ್ ಬದಿ ಎರಡನ್ನೂ ಒಟ್ಟಿಗೇ ಬದಲಿಸುವುದು ಜಾಣತನ. ಎರಡಕ್ಕೂ ಒಂದೇ ವಯಸ್ಸು.

ಸೀಲು ತೆಗೆಯಲು ಕ್ಲಚ್ ಬಿಚ್ಚಬೇಕು. ಇಲ್ಲಿ ತುಂಬಾ ಜನ ಎಡವುತ್ತಾರೆ. ಈ ಎರಡೂ ಕಂಪನಿಗಳ ಹೆಚ್ಚಿನ ಮಿಷನ್ನುಗಳಲ್ಲಿ ಕ್ಲಚ್ಚಿನದು ಎಡ ಥ್ರೆಡ್ಡು. ಸಡಿಲಿಸಲು ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಬೇಕು. ತಿಳಿಯದೆ ಉಲ್ಟಾ ತಿರುಗಿಸಿ ಕ್ರ್ಯಾಂಕಿನ ತುದಿಯನ್ನೇ ಮುರಿದವರಿದ್ದಾರೆ. ಪಿಸ್ಟನ್ ತಡೆಯಲು ಪ್ಲಗ್ ತೂತಿನೊಳಗೆ ಸ್ಕ್ರೂಡ್ರೈವರ್ ತುರುಕಬೇಡಿ, ಪಿಸ್ಟನ್ನಿನ ತಲೆ ತೂತಾಗುತ್ತದೆ. ಒಂದು ಮೊಳ ಮೆತ್ತನೆಯ ನೈಲಾನ್ ಹಗ್ಗ ಇಳಿಬಿಡಿ. ಅದಕ್ಕೂ ಮೊದಲು ಪಿಸ್ಟನ್ ಸೈಲೆನ್ಸರ್ ತೂತನ್ನು ದಾಟಿ ಮೇಲೆ ಬಂದಿರಲಿ. ಇಲ್ಲವಾದರೆ ಹಗ್ಗ ಆ ತೂತಿನ ಅಂಚಿಗೆ ಸಿಕ್ಕಿ ರಿಂಗು ಮುರಿಯುತ್ತದೆ.

ಬೋರು ನಿಜವಾಗಿಯೂ ಹೋಗಿದೆಯೇ?

ಬೋರಿನಲ್ಲಿ ಗೀರು ಕಂಡ ತಕ್ಷಣ ಸಿಲಿಂಡರನ್ನು ಗುಜರಿಗೆ ಎಸೆಯಬೇಡಿ. ಇವುಗಳ ಒಳಮೈಗೆ ಕ್ರೋಮ್ ಅಥವಾ ನಿಕಾಸಿಲ್ ಲೇಪ ಇರುತ್ತದೆ, ಪಿಸ್ಟನ್ನಿಗಿಂತ ಎಷ್ಟೋ ಗಟ್ಟಿ. ಗೀರಿನಂತೆ ಕಾಣುವುದು ಅನೇಕ ಸಲ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಆ ಲೇಪದ ಮೇಲೆ ಮೆತ್ತಿಕೊಂಡದ್ದು. ಉಗುರಿನಿಂದ ಸವರಿ ನೋಡಿ. ಉಬ್ಬಿದ್ದರೆ ಮೆತ್ತಿದ್ದು, ತಗ್ಗಿದ್ದರೆ ಲೇಪ ಹೋದದ್ದು.

ಮೆತ್ತಿದ ಅಲ್ಯೂಮಿನಿಯಂ ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲ ಸಾಕು. ಸಿಲಿಂಡರನ್ನು ಪೂರ್ತಿ ಬಿಚ್ಚಿ ಬೇರೆ ಇಟ್ಟುಕೊಂಡೇ ಈ ಕೆಲಸ ಮಾಡಬೇಕು. ಕ್ರ್ಯಾಂಕ್‌ಕೇಸ್ ಮೆಗ್ನೀಷಿಯಂ ಮಿಶ್ರಲೋಹದ್ದು, ಆಮ್ಲ ತಾಗಿದರೆ ನೊರೆಯೆದ್ದು ಕರಗುತ್ತದೆ. ಬಯಲಲ್ಲಿ, ಗಾಳಿ ಬೀಸುವ ಕಡೆ ಬೆನ್ನು ಮಾಡಿ, ಕನ್ನಡಕ ಮತ್ತು ರಬ್ಬರ್ ಗ್ಲೌಸ್ ಹಾಕಿ ಕೂರಿ. ಕಡ್ಡಿಗೆ ಹತ್ತಿ ಸುತ್ತಿ ಆಮ್ಲದಲ್ಲಿ ಅದ್ದಿ, ಮೆತ್ತಿದ ಜಾಗಕ್ಕೆ ಮಾತ್ರ ಹಚ್ಚಿ. ಅಲ್ಯೂಮಿನಿಯಂ ಇರುವಷ್ಟು ಹೊತ್ತು ಗುಳ್ಳೆ ಬರುತ್ತದೆ. ಒರೆಸಿ, ಮತ್ತೆ ಹಚ್ಚಿ. ಗುಳ್ಳೆ ನಿಂತರೆ ಕೆಲಸ ಮುಗಿದಂತೆ. ಮೆತ್ತಿದ್ದು ಹೋದ ಮೇಲೂ ಒಂದೇ ಜಾಗದಲ್ಲಿ ಗುಳ್ಳೆ ನಿಲ್ಲದಿದ್ದರೆ ಅಲ್ಲಿ ಲೇಪ ಹರಿದಿದೆ, ಆಮ್ಲ ಸಿಲಿಂಡರಿನ ಮೈಯನ್ನೇ ತಿನ್ನುತ್ತಿದೆ. ತಕ್ಷಣ ನಿಲ್ಲಿಸಿ, ಆ ಸಿಲಿಂಡರ್ ಆಸೆ ಬಿಡಿ. ಪೋರ್ಟುಗಳ, ಅಂದರೆ ಬೋರಿನ ಗೋಡೆಯ ತೂತುಗಳ, ಅಂಚಿಗೆ ಲೇಪ ಇರುವುದಿಲ್ಲ, ಅಲ್ಲಿಗೆ ಆಮ್ಲ ಹರಿಯದಂತೆ ಎಚ್ಚರ ವಹಿಸಿ. ಕೊನೆಗೆ ಅಡುಗೆ ಸೋಡಾ ಕದಡಿದ ನೀರಿನಲ್ಲಿ, ಆಮೇಲೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ ಕೂಡಲೇ ಆಯಿಲ್ ಸವರಿ. 400 ನಂಬರಿನ ಎಮರಿ ಕಾಗದದಿಂದ ಓರೆಗೆರೆ ಬರುವಂತೆ ಹಗುರವಾಗಿ ಉಜ್ಜಿದರೆ ಹೊಸ ರಿಂಗು ಕೂರಲು ಅನುಕೂಲ.

ಹೊಸ ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಬೋರಿನೊಳಗೆ ಇಳಿಸಿ, ಪಿಸ್ಟನ್ನಿನಿಂದ ನೇರವಾಗಿ ತಳ್ಳಿ, ತುದಿಗಳ ನಡುವಿನ ಸಂದು ಅಳೆಯಿರಿ. 50 ಮಿ.ಮೀ. ಬೋರಿಗೆ 0.2 ಮಿ.ಮೀ. ಆಸುಪಾಸು ಇರಬೇಕು. ಹಳೆಯ ರಿಂಗಿನಲ್ಲಿ ಇದು 1 ಮಿ.ಮೀ. ಮುಟ್ಟಿದ್ದರೆ ಅದರ ಆಯುಸ್ಸು ಮುಗಿದಿದೆ. ಪಿಸ್ಟನ್ನಿನ ಕಾಲುವೆಯಲ್ಲಿ ಒಂದು ಸಣ್ಣ ಪಿನ್ನು ಇದೆ. ರಿಂಗಿನ ಎರಡು ತುದಿಗಳೂ ಅದರ ಅಕ್ಕಪಕ್ಕ ಕೂರಬೇಕು. ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರ್ ಕಡೆಗೆ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜನ್ ಪಿನ್ನಿನ ಲಾಕ್ ಕ್ಲಿಪ್ಪುಗಳನ್ನು ಎರಡನೇ ಸಲ ಬಳಸಬೇಡಿ. ಕ್ಲಿಪ್ಪಿನ ಬಾಯಿ ಮೇಲಕ್ಕೋ ಕೆಳಕ್ಕೋ ಇರಲಿ, ಪಕ್ಕಕ್ಕೆ ಬೇಡ. ಪಿಸ್ಟನ್ ಮೇಲೆ ಕೆಳಗೆ ಕುಲುಕುವಾಗ ಪಕ್ಕಕ್ಕಿರುವ ಬಾಯಿ ಮುಚ್ಚಿಕೊಂಡು ಕ್ಲಿಪ್ಪು ಹಾರಿ ಬರುತ್ತದೆ. ಒಂದು ಸಣ್ಣ ತಂತಿ ಇಡೀ ಸಿಲಿಂಡರನ್ನು ಹಾಳುಮಾಡುತ್ತದೆ. 070ರ ನಕಲು ಬಿಡಿಭಾಗಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಹ್ಯಾಂಡಲ್, ಕವರ್, ಸ್ಪ್ರಿಂಗುಗಳಿಗೆ ಅವು ಸಾಕು. ಸೀಲು, ಡಯಾಫ್ರಂ, ಬೇರಿಂಗ್, ಕ್ಲಿಪ್ಪು ಮಾತ್ರ ಅಸಲಿಯೇ ಇರಲಿ.

ಪೆಟ್ರೋಲ್ ಮತ್ತು ಕಿಡಿ

ಇವು ತೇಲುಗುಂಡು ಇಲ್ಲದ ಡಯಾಫ್ರಂ ಕಾರ್ಬೊರೇಟರುಗಳು. ಮರ ಕೊಯ್ಯುವಾಗ ಮಿಷನ್ನು ಅಡ್ಡ, ಉಲ್ಟಾ ಎಲ್ಲ ಆಗುವುದರಿಂದ ಬೈಕಿನ ಕಾರ್ಬೊರೇಟರ್ ಇಲ್ಲಿ ನಡೆಯುವುದಿಲ್ಲ. 070ರಲ್ಲಿ ಟಿಲ್ಲಟ್‌ಸನ್ ಕಂಪನಿಯ ಎಚ್‌ಎಲ್ ಮಾದರಿ ಇರುತ್ತದೆ. ಬಿಚ್ಚುವಾಗ ಪ್ರತಿ ಪದರಕ್ಕೂ ಒಂದು ಫೋಟೊ ತೆಗೆಯಿರಿ. ಗ್ಯಾಸ್ಕೆಟ್ ಮೊದಲೋ ಡಯಾಫ್ರಂ ಮೊದಲೋ ಎಂಬುದು ಎರಡು ಬದಿಗೆ ಬೇರೆ ಬೇರೆ. ಅದಲುಬದಲಾದರೆ ಪೆಟ್ರೋಲ್ ಎತ್ತುವುದೇ ಇಲ್ಲ. ಹಳೆಯ ಡಯಾಫ್ರಂ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದಾಗ ಚರಚರ ಎಂದರೆ ಎಸೆಯಿರಿ. ರಿಪೇರಿ ಕಿಟ್ ಹಾಕುವಾಗ ಸೂಜಿಯನ್ನು ಎತ್ತುವ ಸಣ್ಣ ಲಿವರಿನ ಎತ್ತರವನ್ನು ಆ ಕಾರ್ಬೊರೇಟರಿಗೆ ಹೇಳಿದ ಅಳತೆಗೇ ಇಡಿ. ಅನೇಕ ಟಿಲ್ಲಟ್‌ಸನ್‌ಗಳಲ್ಲಿ ಅದು ಕೋಣೆಯ ತಳಕ್ಕೆ ಸಮನಾಗಿರಬೇಕು. ಎತ್ತರವಾದರೆ ಪೆಟ್ರೋಲ್ ಉಕ್ಕುತ್ತದೆ, ತಗ್ಗಾದರೆ ಮಿಷನ್ನು ಹಸಿದುಕೊಂಡೇ ಓಡುತ್ತದೆ. ಸಣ್ಣ ತೂತುಗಳಿಗೆ ತಂತಿ ತೂರಿಸಬೇಡಿ, ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು.

ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತು, ಟ್ಯಾಂಕಿನ ಮುಚ್ಚಳ ತೆಗೆದಾಗ ಬುಸ್ಸೆಂದು ಗಾಳಿ ಎಳೆದುಕೊಂಡು ಮತ್ತೆ ಸ್ಟಾರ್ಟ್ ಆಗುತ್ತದೆಯೇ? ಟ್ಯಾಂಕಿನ ಉಸಿರುತೂತು ಕಟ್ಟಿದೆ. ಇಷ್ಟಕ್ಕೇ ಕಾರ್ಬೊರೇಟರ್ ಬದಲಿಸಿದವರನ್ನು ಕಂಡರೆ ಬೇಸರವಾಗುತ್ತದೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಹಳೆಯ ಮಿಷನ್ನಿಗೆ ಇದರಿಂದ ಮೂರು ತೊಂದರೆ. ಹಳೆಯ ಕಾಲದ ರಬ್ಬರು ಇದರಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಮಳೆಗಾಲದ ತೇವ ಹೀರಿ ಎಥನಾಲೂ ನೀರೂ ಟ್ಯಾಂಕಿನ ತಳಕ್ಕೆ ಇಳಿದರೆ ಆ ಪದರದಲ್ಲಿ ಆಯಿಲ್ಲೇ ಇರುವುದಿಲ್ಲ, ಪೈಪಿನ ಬಾಯಿ ಇರುವುದೂ ತಳದಲ್ಲೇ. ಮೂರನೆಯದು ಅಷ್ಟಾಗಿ ಗೊತ್ತಿಲ್ಲದ ಸಂಗತಿ. ಪೂರ್ತಿ ಉರಿಯಲು ಬರೀ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಅಂದರೆ ಹತ್ತು ವರ್ಷದ ಹಿಂದೆ ಸರಿಯಾಗಿ ಹೊಂದಿಸಿಟ್ಟ ಕಾರ್ಬೊರೇಟರ್ ಇವತ್ತಿನ ಪೆಟ್ರೋಲಿನಲ್ಲಿ, ಯಾರೂ ಮುಟ್ಟದಿದ್ದರೂ, ಶೇ 7–8ರಷ್ಟು ತೆಳುವಾಗಿ ಓಡುತ್ತದೆ. ಆದ್ದರಿಂದ ಹೊಸದಾಗಿ ಹೊಂದಿಸಲೇಬೇಕು. ಮಿಶ್ರಣವನ್ನು ಎರಡು ವಾರಕ್ಕೆ ಬೇಕಾದಷ್ಟೇ ಮಾಡಿ.

ಆಯಿಲ್ ಎಷ್ಟು? ಸ್ಟಿಲ್ ತನ್ನದೇ ಆಯಿಲಿಗೆ 50ಕ್ಕೆ 1, ಅಂದರೆ ಲೀಟರಿಗೆ 20 ಮಿ.ಲೀ. ಎಂದೂ ಬೇರೆ ಆಯಿಲಿಗೆ 25ಕ್ಕೆ 1, ಅಂದರೆ 40 ಮಿ.ಲೀ. ಎಂದೂ ಹೇಳುತ್ತಿತ್ತು. ‘ಜಾಸೊ ಎಫ್‌ಡಿ’ ಎಂದು ಬರೆದ ಒಳ್ಳೆಯ 2ಟಿ ಆಯಿಲಾದರೆ ಹಳೆಯ ಮಿಷನ್ನಿಗೆ ಲೀಟರಿಗೆ 25 ಮಿ.ಲೀ. ಹದವಾದ ಅಳತೆ. ದೋಣಿ ಎಂಜಿನ್ನಿನ 2ಟಿ ಬೇಡ, ಅದು ನೀರಿನಲ್ಲಿ ತಣಿಯುವ ಎಂಜಿನ್ನಿಗೆ ಮಾಡಿದ್ದು. ಕಣ್ಣಳತೆಗೆ ಸುರಿಯಬೇಡಿ, ಔಷಧಿ ಅಂಗಡಿಯ ಸಿರಿಂಜ್ ಹತ್ತು ರೂಪಾಯಿಯ ಮಾತು.

ಹಳೆಯ 070ಗಳಲ್ಲಿ ಕಿಡಿಗಾಗಿ ತೆರೆದು ಮುಚ್ಚುವ ಪಾಯಿಂಟ್ ಮತ್ತು ಅದರ ಕಂಡೆನ್ಸರ್ ಇರುತ್ತವೆ, ಮ್ಯಾಗ್ನೆಟ್ ಚಕ್ರದ ಹಿಂದೆ. ಚಕ್ರವನ್ನು ಪುಲ್ಲರ್ ಹಾಕಿಯೇ ಎಳೆಯಿರಿ. ಕಿಡಿ ಬರದಿದ್ದರೆ ಮೊದಲು ಪಾಯಿಂಟಿನ ಮುಖ ನೋಡಿ. ವರ್ಷಗಟ್ಟಲೆ ಇಟ್ಟಾಗ ಅದರ ಮೇಲೆ ತೆಳುವಾದ ಪೊರೆ ಕೂತಿರುತ್ತದೆ. ನಯವಾದ ಎಮರಿ ಆಡಿಸಿ, ಪೆಟ್ರೋಲಿನಲ್ಲಿ ಅದ್ದಿದ ಕಾಗದದ ಚೂರು ಎಳೆದರೆ ಸಾಕಾಗುತ್ತದೆ. ಸಂದು 0.35ರಿಂದ 0.4 ಮಿ.ಮೀ. ಪಾಯಿಂಟಿನ ಮೇಲೆ ಎಣ್ಣೆಜಿಡ್ಡು ಪದೇ ಪದೇ ಬಂದರೆ ದೋಷ ಪಾಯಿಂಟಿನದ್ದಲ್ಲ, ಆ ಬದಿಯ ಸೀಲು ಸೋರುತ್ತಿದೆ. ಪಾಯಿಂಟಿನಲ್ಲೇ ದೊಡ್ಡ ನೀಲಿ ಕಿಡಿ ಹಾರಿ ಪ್ಲಗ್ಗಿನಲ್ಲಿ ಸಪ್ಪೆಯಾಗಿದ್ದರೆ ಕಂಡೆನ್ಸರ್. ಕಾಯಿಲಿಗೂ ಚಕ್ರಕ್ಕೂ ನಡುವೆ ಒಂದು ವಿಸಿಟಿಂಗ್ ಕಾರ್ಡಿನಷ್ಟು, 0.3 ಮಿ.ಮೀ., ಅಂತರ. ಚಕ್ರದ ಕೀ ಕತ್ತರಿಸಿದ್ದರೆ ಕಿಡಿ ಬರುತ್ತದೆ, ಹೊತ್ತು ತಪ್ಪುತ್ತದೆ. ಸ್ಟಾರ್ಟರ್ ಹಗ್ಗ ಕೈಯನ್ನು ಹಿಂದಕ್ಕೆ ಕಚ್ಚಿ ಎಳೆದರೆ ಅದನ್ನು ನೋಡಿ.

ಕಾರ್ಬೊರೇಟರ್ ಹೊಂದಿಸುವಾಗ ಪೆಟ್ರೋಲಿನ ಅಳತೆ ತಿದ್ದುವ ಎಚ್ (ಹೆಚ್ಚು ವೇಗದ್ದು) ಮತ್ತು ಎಲ್ (ಕಡಿಮೆ ವೇಗದ್ದು) ಸ್ಕ್ರೂಗಳನ್ನು ಹಗುರವಾಗಿ ಮುಚ್ಚಿ, ಒಂದೊಂದು ಸುತ್ತು ತೆರೆದು ಶುರುಮಾಡಿ. ಬಾರ್, ಚೈನ್ ಹಾಕಿರಲಿ, ಏರ್ ಫಿಲ್ಟರ್ ಶುಚಿಯಾಗಿರಲಿ. ಮಿಷನ್ನು ಬಿಸಿಯಾದ ಮೇಲೆ ಎಲ್ ತಿರುಗಿಸಿ, ಥ್ರಾಟಲ್ ಒತ್ತಿದಾಗ ತಡವರಿಸದೆ ಏಳುವ ಜಾಗ ಹುಡುಕಿ. ಐಡಲಿನಲ್ಲಿ ಚೈನ್ ತಿರುಗಕೂಡದು. ಆಮೇಲೆ ಎಚ್. ಪೂರ್ತಿ ಥ್ರಾಟಲ್ ಕೊಟ್ಟಾಗ ಗಾಳಿಯಲ್ಲಿ ಸ್ವಲ್ಪ ಒಡೆದ ದನಿ, ಬರಬರ ಎನ್ನಬೇಕು. ಮರಕ್ಕೆ ಇಳಿಸಿದ ಕೂಡಲೇ ಆ ದನಿ ತೆಳುವಾಗಿ ಒಂದೇ ಎಳೆಯಾಗಬೇಕು. ಗಾಳಿಯಲ್ಲೇ ಸಿಳ್ಳೆಯ ಹಾಗೆ ನಯವಾಗಿ ಕೂಗಿದರೆ ಮಿಶ್ರಣ ತೆಳುವಾಗಿದೆ, ಎಚ್ ತೆರೆಯಿರಿ. ಮಿಷನ್ನನ್ನು ಪಕ್ಕಕ್ಕೆ ವಾಲಿಸಿದಾಗ ಐಡಲ್ ಏರಿಳಿದರೆ, ಥ್ರಾಟಲ್ ಬಿಟ್ಟ ಮೇಲೂ ವೇಗ ಇಳಿಯಲು ತಡವಾದರೆ ಸ್ಕ್ರೂ ಬಿಡಿ, ಮತ್ತೆ ಗಾಳಿ ಪರೀಕ್ಷೆಗೆ ಹೋಗಿ.

ಚೈನು, ಬಾರು, ಕೊಯ್ಲು

ಇವತ್ತು ಎಲ್ಲರೂ ಬಳಸುವ ಕೊಕ್ಕೆಹಲ್ಲಿನ ಚೈನನ್ನು ರೂಪಿಸಿದವರು ಅಮೆರಿಕದ ಜೋಸೆಫ್ ಕಾಕ್ಸ್, 1940ರ ದಶಕದ ಕೊನೆಯಲ್ಲಿ. ಮರದ ದಿಮ್ಮಿಯೊಳಗೆ ಎಡಕ್ಕೂ ಬಲಕ್ಕೂ ಕೊರೆಯುತ್ತ ಸಾಗುವ ದುಂಬಿಮರಿಯ ದವಡೆ ನೋಡಿ ಅವರಿಗೆ ಇದು ಹೊಳೆಯಿತು. ಕಾಫಿ ಗಿಡದ ಕಾಂಡಕೊರಕವನ್ನು ಸೀಳಿ ನೋಡಿದವರಿಗೆ ಆ ದವಡೆಯ ಶಕ್ತಿ ವಿವರಿಸಬೇಕಾಗಿಲ್ಲ. ಹಲ್ಲಿನ ಮುಂದಿರುವ ಗಿಡ್ಡ ದಿಣ್ಣೆ ಒಂದು ಸಲಕ್ಕೆ ಎಷ್ಟು ಕಚ್ಚಬೇಕೆಂದು ನಿರ್ಧರಿಸುತ್ತದೆ, ಹಿಂದಿನ ಕೊಕ್ಕೆ ಕೆತ್ತುತ್ತದೆ. ಎರಡನ್ನೂ ನೋಡಿಕೊಳ್ಳದೆ ಹಲ್ಲು ಮಾತ್ರ ಅರ ಹೊಡೆದರೆ ಚೈನು ಚೂಪಾಗಿದ್ದರೂ ಮುಂದೆ ಹೋಗುವುದಿಲ್ಲ.

070ಕ್ಕೆ ಸಾಮಾನ್ಯವಾಗಿ .404 ಇಂಚು ಪಿಚ್ಚಿನ (ಕೊಂಡಿಗಳ ಅಂತರದ) ಚೈನು, ಅದಕ್ಕೆ 5.5 ಮಿ.ಮೀ. ಗುಂಡು ಅರ. 3/8 ಇಂಚಿನದಕ್ಕೆ 5.2 ಅಥವಾ 5.5, .325ಕ್ಕೆ 4.8. ಅರದ ಐದನೇ ಒಂದು ಭಾಗ ಹಲ್ಲಿನ ಮೇಲಂಚಿಗಿಂತ ಎತ್ತರದಲ್ಲಿರಬೇಕು. ಹಸಿ ಮರಕ್ಕೆ 30 ಡಿಗ್ರಿ, ಒಣಗಿದ ಗಟ್ಟಿ ಮತ್ತಿ, ಹೊನ್ನೆಗಳಿಗೆ 25 ಡಿಗ್ರಿ ಓರೆ. ಒಳಗಿನಿಂದ ಹೊರಕ್ಕೆ ತಳ್ಳಿ, ಹಿಂದೆ ಎಳೆಯುವಾಗ ಎತ್ತಿಬಿಡಿ. ಎಡದ ಹಲ್ಲು, ಬಲದ ಹಲ್ಲು ಉದ್ದದಲ್ಲಿ ಸಮವಿರಲಿ, ಇಲ್ಲದಿದ್ದರೆ ಕೊಯ್ಲು ಬಾಳೆಕಾಯಿಯ ಹಾಗೆ ಬಾಗುತ್ತದೆ. ದಿಣ್ಣೆ 3/8ರಲ್ಲಿ 0.65 ಮಿ.ಮೀ., .404ರಲ್ಲಿ 0.8 ಮಿ.ಮೀ. ತಗ್ಗಿರಲಿ. ಬೇಗ ಕೊಯ್ಯಲೆಂದು ದಿಣ್ಣೆಯನ್ನು ಇನ್ನೂ ತಗ್ಗಿಸುವುದು ಅಪಾಯ. ಚೈನು ಕಚ್ಚಿ ಹಿಡಿದು ಮಿಷನ್ನು ಎಗರುತ್ತದೆ. ಪುಡಿಯ ಬದಲು ಚಕ್ಕೆ ಬೀಳುತ್ತಿದ್ದರೆ ಚೈನು ಸರಿಯಿದೆ. ತೆಂಗು, ಅಡಕೆ ಮರಗಳ ಹೊರಮೈ ನಾರು ಚೈನಿನ ಮೊನೆಯನ್ನು ಬೇಗ ತಿನ್ನುತ್ತದೆ. ಬೇಲಿಸಾಲಿನ ಮರವಾದರೆ ಒಳಗೆ ಹುದುಗಿದ ಮುಳ್ಳುತಂತಿಗಾಗಿ ಮೊದಲೇ ಹುಡುಕಿ.

ಬಾರನ್ನು ಪ್ರತಿ ಸಲ ಅರ ಹೊಡೆದಾಗಲೂ ಮಗುಚಿ ಹಾಕಿ, ಕಾಲುವೆಯ ಹೊಟ್ಟು ಕೆರೆದು ಎಣ್ಣೆತೂತು ಬಿಡಿಸಿ. ಸ್ಪ್ರಾಕೆಟ್ಟಿನಲ್ಲಿ 0.5 ಮಿ.ಮೀ. ಆಳದ ತಗ್ಗು ಬಿದ್ದರೆ ಬದಲಿಸಿ, ಹೊಸ ಚೈನನ್ನು ಸವೆದ ಸ್ಪ್ರಾಕೆಟ್ ಎರಡೇ ವಾರದಲ್ಲಿ ಹಳತು ಮಾಡುತ್ತದೆ. ಚೈನಿಗೆ ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಆಯಿಲ್ ಹಾಕುವ ಅಭ್ಯಾಸ ದಯವಿಟ್ಟು ಬಿಡಿ. ಅದರಲ್ಲಿರುವ ಲೋಹದ ಪುಡಿ ಪಂಪನ್ನು ಸವೆಸುತ್ತದೆ, ಸಿಡಿದ ಆಯಿಲ್ ನಿಮ್ಮ ಚರ್ಮದ ಮೇಲೆ, ತೋಟದ ಮಣ್ಣಿನ ಮೇಲೆ ಬೀಳುತ್ತದೆ. ಬಾರಿನ ತುದಿಯನ್ನು ಒಂದು ಬಿಳಿ ಚಕ್ಕೆಯತ್ತ ಹಿಡಿದು ಥ್ರಾಟಲ್ ಕೊಟ್ಟಾಗ ಎಣ್ಣೆಯ ಗೆರೆ ಮೂಡಿದರೆ ಪಂಪ್ ಸರಿಯಿದೆ.

ಹಳೆಯ ಮಿಷನ್ನು ಬಳಸುವವರು ಒಂದನ್ನು ಮರೆಯಕೂಡದು: 070ಕ್ಕೆ ಚೈನ್ ಬ್ರೇಕ್ ಇಲ್ಲ. ಬಾರಿನ ತುದಿಯ ಮೇಲಿನ ಕಾಲುಭಾಗ ಏನಕ್ಕಾದರೂ ತಗಲಿದರೆ ಮಿಷನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದತ್ತ ಎಗರುತ್ತದೆ, ತಡೆಯಲು ಏನೂ ಇಲ್ಲ. ಹಾಗಾಗಿ ಇದನ್ನು ಕೊಂಬೆ ಸವರಲು, ಮರ ಹತ್ತಿ ಕೊಯ್ಯಲು, ತುದಿಯಿಂದ ತೂತು ಹಾಕಲು ಬಳಸಲೇಬಾರದು. ನೆಲದ ಮೇಲಿರುವ ದಪ್ಪ ದಿಮ್ಮಿಯನ್ನು ತುಂಡು ಮಾಡುವುದು, ಚೌಕಟ್ಟು ಕಟ್ಟಿ ಹಲಗೆ ಸೀಳುವುದು, ಇವು ಅದಕ್ಕೆ ಒಗ್ಗುವ ಕೆಲಸ. ಸೀಳುವ ಚೈನಿನ ಹಲ್ಲನ್ನು 10 ಡಿಗ್ರಿಗೆ ಅರ ಹೊಡೆಯಿರಿ, ಎಚ್ ಸ್ಕ್ರೂ ಸ್ವಲ್ಪ ಹೆಚ್ಚು ತೆರೆದಿರಲಿ, ಯಾಕೆಂದರೆ ನಿಮಿಷಗಟ್ಟಲೆ ಬಿಡುವಿಲ್ಲದ ಪೂರ್ತಿ ಥ್ರಾಟಲ್ ಅದು. ಹಸ್ಕ್‌ವರ್ನಾದಲ್ಲಿ ಬ್ರೇಕ್ ಇದ್ದರೆ ಅದರ ಪಟ್ಟಿ ಎಲ್ಲೂ 0.6 ಮಿ.ಮೀ.ಗಿಂತ ತೆಳುವಾಗಿರಬಾರದು.

ಗಾಳಿಮಳೆಗೆ ಬಿದ್ದು ಎರಡು ಕಡೆ ಆತುಕೊಂಡ ಮರವನ್ನು ನಡುವೆ ಕೊಯ್ಯುವಾಗ ಮೇಲ್ಬದಿ ಅದುಮಿಕೊಂಡಿರುತ್ತದೆ, ಕೆಳಬದಿ ಎಳೆದುಕೊಂಡಿರುತ್ತದೆ. ಮೇಲಿನಿಂದ ಮೂರನೇ ಒಂದು ಪಾಲು ಕೊಯ್ದು ಉಳಿದದ್ದನ್ನು ಕೆಳಗಿನಿಂದ ಕೊಯ್ಯಿರಿ, ಬಾರು ಸಿಕ್ಕಿಕೊಳ್ಳುವುದಿಲ್ಲ. ನಿಂತ ಮರವಾದರೆ ಬೀಳುವ ಕಡೆ ಸುತ್ತಳತೆಯಲ್ಲ, ಅಡ್ಡಳತೆಯ ಕಾಲುಭಾಗದಷ್ಟು ಬಾಯಿ ತೆಗೆದು, ಹಿಂದಿನಿಂದ ಕೊಯ್ಯುತ್ತ ಹತ್ತನೇ ಒಂದು ಭಾಗವನ್ನು ಕೀಲಿನಂತೆ ಉಳಿಸಿ. ಮರದ ಎರಡರಷ್ಟು ಎತ್ತರದ ದೂರದೊಳಗೆ ಯಾರೂ ಇರಬಾರದು. ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ ಪಕ್ಕದ ಮರಕ್ಕೂ ಹೆಣೆದಿದ್ದರೆ ಮೊದಲು ಅದನ್ನು ಬಿಡಿಸಿ, ಇಲ್ಲವಾದರೆ ಮರ ಅರ್ಧದಲ್ಲಿ ತಿರುಗಿ ಬೇರೆ ಕಡೆ ಬೀಳುತ್ತದೆ. ಸಿಲ್ವರ್ ಓಕಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ವಿನಾಯಿತಿ ಪಟ್ಟಿಯಲ್ಲಿಲ್ಲದ ಮರವಾದರೆ ನಿಮ್ಮದೇ ಜಾಗದಲ್ಲಿದ್ದರೂ ವೃಕ್ಷಾಧಿಕಾರಿಯ ಅನುಮತಿ ಪಡೆದೇ ಮಿಷನ್ನು ಎತ್ತಿ.

ಮಳೆಗಾಲಕ್ಕೆ ಎತ್ತಿಡುವಾಗ ಟ್ಯಾಂಕ್ ಬರಿದು ಮಾಡಿ, ಉಳಿದ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವವರೆಗೆ ಐಡಲಿನಲ್ಲಿ ಬಿಡಿ. ಚೈನು ಬಿಚ್ಚಿ ಆಯಿಲಿನಲ್ಲಿ ಮುಳುಗಿಸಿಡಿ. ಪ್ಲಗ್ ತೂತಿಗೆ ಒಂದು ಚಮಚ 2ಟಿ ಆಯಿಲ್ ಹಾಕಿ, ಎರಡು ಸಲ ಮೆಲ್ಲಗೆ ಎಳೆದು, ಪ್ಲಗ್ ಹಾಕಿ, ಕಂಪ್ರೆಷನ್ ಬಿಗಿಯಾಗಿ ಸಿಗುವಲ್ಲಿ ಪಿಸ್ಟನ್ ನಿಲ್ಲಿಸಿ. ಅಲ್ಲಿ ಸೈಲೆನ್ಸರ್ ತೂತು ಮುಚ್ಚಿರುತ್ತದೆ, ತೇವದ ಗಾಳಿ ಬೋರಿಗೆ ಇಳಿಯುವುದಿಲ್ಲ. ಸೈಲೆನ್ಸರ್ ಬಾಯಿಗೆ ಒಂದು ಬಟ್ಟೆ ತುರುಕಿ, ಕಣಜಕ್ಕಾಗಿ. ಬಟ್ಟೆ ಇಟ್ಟದ್ದು ಮರೆಯದಂತೆ ಅದರ ಬಾಲವನ್ನು ಸ್ಟಾರ್ಟರ್ ಹಿಡಿಗೆ ಕಟ್ಟಿ.